ಮನೆಮಂದಿಯೊಡನೆ ಮಲೆನಾಡಿಗೆ

ರಜೆ ಹತ್ತಿರ ಬಂತೆಂದರೆ ನಮ್ಮ ಪೇಟೆಯ ಮನೆಗಳಲ್ಲಿ ಒಂದು ಪಟ್ಟಿ ಸಿದ್ಧವಾಗುತ್ತದೆ. ಮೊದಲ ದಿನ ಬೆಳಿಗ್ಗೆ ಶೃಂಗೇರಿ, ಮಧ್ಯಾಹ್ನ ಹೊರನಾಡು, ಸಂಜೆಗೆ ಆಗುಂಬೆ, ಮರುದಿನ ಜೋಗ, ರಾತ್ರಿಯೇ ಹೊರಟು ಊರಿಗೆ. ಪಟ್ಟಿಯಲ್ಲಿ ಒಂದು ಸ್ಥಳ ಬಿಟ್ಟರೂ ಹೋದ ಖರ್ಚು ವ್ಯರ್ಥವಾಯಿತೆಂದು ಯಜಮಾನರ ಕೊರಗು. ಆ ಯಜಮಾನರಲ್ಲಿ ನಾನೂ ಒಬ್ಬನಾಗಿದ್ದೆ. ಆದ್ದರಿಂದ ಈ ಮಾತನ್ನು ಪರರ ದೂಷಣೆಯೆಂದು ತಾವು ಭಾವಿಸಬೇಕಾಗಿಲ್ಲ.

ಕೆಲವು ವರ್ಷಗಳ ಹಿಂದೆ ಎರಡು ದಿನಗಳಲ್ಲಿ ಏಳು ಸ್ಥಳ ನೋಡಿ ಬಂದೆವು. ಮಂಡಿನೋವಿನ ನನ್ನ ತಾಯಿ ಏಳರಲ್ಲಿ ಐದು ಕಡೆ ವಾಹನದಲ್ಲೇ ಕುಳಿತಿದ್ದರು. ಮಗಳು ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು ಕಣ್ಣು ಮುಚ್ಚಿಕೊಂಡಿದ್ದಳು. ರಜೆ ಕಳೆದ ಮೇಲೆ ಶಾಲೆಯಲ್ಲಿ ‘ನಾನು ಕಂಡ ಮಲೆನಾಡು’ ಎಂಬ ಪ್ರಬಂಧ ಬರೆಯಬೇಕಾಗಿ ಬಂದಾಗ ಅವಳಿಗೆ ತೋಚಿದ್ದು ನಾಲ್ಕೇ ಸಾಲು. ಅದರಲ್ಲಿ ಎರಡು ಸಾಲು ದಾರಿಯಲ್ಲಿ ಕೊಂಡ ಬಿಸ್ಕತ್ತಿನ ವಿಚಾರ. ಕನ್ನಡ ಉಪಾಧ್ಯಾಯನ ಮಗಳ ಪ್ರಬಂಧವೆಂದು ನಾನು ನಾಚಿಕೊಂಡೆ. ಆದರೆ ತಪ್ಪು ಪ್ರಬಂಧದಲ್ಲಿ ಇರಲಿಲ್ಲ, ಪ್ರವಾಸದಲ್ಲಿ ಇತ್ತು.

ಮರುವರ್ಷ ಒಂದು ನಿಯಮ ಮಾಡಿಕೊಂಡೆವು. ಮನೆಯ ಅತ್ಯಂತ ಹಿರಿಯರಿಗೂ ಅತ್ಯಂತ ಕಿರಿಯರಿಗೂ ಏಕಕಾಲದಲ್ಲಿ ಪಾಲು ಸಿಗದಿದ್ದರೆ ಆ ಕಾರ್ಯಕ್ರಮ ಬೇಡ. ನಿಯಮ ಸಣ್ಣದು, ಆದರೆ ಅದನ್ನು ಒರೆಗಲ್ಲಾಗಿ ಹಿಡಿದರೆ ಪಟ್ಟಿಯ ಅರ್ಧ ತಾನಾಗಿಯೇ ಉದುರಿ, ಅಲ್ಲಿಯವರೆಗೆ ಪಟ್ಟಿಗೇ ಬಾರದಿದ್ದ ಎಷ್ಟೋ ಸಂಗತಿಗಳು ಒಳಗೆ ಬರುತ್ತವೆ. ಅಂಥ ಕೆಲವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಸ್ಥಳ, ಕಾಲಗಳ ವಿಚಾರ. ನಾನು ಹೇಳಹೊರಟಿರುವುದು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯ ಸುತ್ತಿನ ನಾಡು. ಶಿವಮೊಗ್ಗದವರೆಗೆ ರೈಲಿದೆ; ಅಲ್ಲಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್ ರಸ್ತೆ. ಅತಿಥಿಗಳನ್ನು ಇರಿಸಿಕೊಳ್ಳುವ ತೋಟದ ಮನೆಗಳು ಈಗ ಈ ಭಾಗದಲ್ಲಿ ಹಲವು ಇವೆ. ಹೋಂಸ್ಟೇ ಎಂಬ ಹೆಸರಿನಲ್ಲಿ ತಾವು ಕೇಳಿಯೇ ಇರುತ್ತೀರಿ. ಅಂಥ ಒಂದೇ ಮನೆಯಲ್ಲಿ ನಾಲ್ಕು ದಿನ ಬಿಡಾರ ಹೂಡಬೇಕು. ದಿನಕ್ಕೊಂದು ಊರಿನಲ್ಲಿ ಗಂಟು ಕಟ್ಟಿ ಬಿಚ್ಚುವುದು ಸಲ್ಲದು. ಕಾಲಕ್ಕೆ ದಸರೆಯ ರಜೆಯೇ ಉತ್ತಮ. ಮಳೆಯ ಆರ್ಭಟ ತಗ್ಗಿರುತ್ತದೆ, ಹಳ್ಳಕೊಳ್ಳಗಳಲ್ಲಿ ಇನ್ನೂ ನೀರಿರುತ್ತದೆ, ಕಾಡು ಹಸುರಾಗಿರುತ್ತದೆ. ಬೇಸಗೆಗಿಂತ ಆ ಕಾಲ ಮೇಲು ಎನ್ನುವುದಕ್ಕೆ ಇನ್ನೊಂದು ಬಲವಾದ ಕಾರಣವಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆ ಬಹುಪಾಲು ತುಂಗೆಯ ಜೊತೆಜೊತೆಗೇ ಸಾಗುತ್ತದೆ. ಬೆಳಿಗ್ಗೆ ರೈಲಿಳಿದವರು ನೇರವಾಗಿ ಸಕ್ರೆಬೈಲಿಗೆ ಬರಬಹುದು. ಇಲ್ಲಿ ಅರಣ್ಯ ಇಲಾಖೆಯ ಆನೆ ಬಿಡಾರವಿದೆ. ರಾತ್ರಿ ಕಾಡಿನಲ್ಲಿ ಮೇಯಲು ಬಿಟ್ಟ ಆನೆಗಳನ್ನು ಮಾವುತರೂ ಕಾವಾಡಿಗಳೂ ಬೆಳಿಗ್ಗೆ ಹುಡುಕಿ ತಂದು ಹೊಳೆಯಲ್ಲಿ ಮೀಯಿಸುತ್ತಾರೆ. ದಡದ ಮೇಲೆ ಕುಳಿತು ನೋಡುವುದಕ್ಕೆ ಅಜ್ಜಿಗೆ ಮಂಡಿನೋವು ಅಡ್ಡಿಯಲ್ಲ. ಮಗುವಿಗೆ ವಿವರಣೆಯ ಅಗತ್ಯವಿಲ್ಲ. ಮುಂದೆ ಸಿಗುವ ಮಂಡಗದ್ದೆಯಲ್ಲಿ ಹೊಳೆಯ ನಡುಗಡ್ಡೆಯ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ಹಾವಕ್ಕಿ ನೀರಿನಲ್ಲಿ ಮೈ ಮುಳುಗಿಸಿ ಕತ್ತನ್ನು ಮಾತ್ರ ಮೇಲೆತ್ತಿ ಈಜುವಾಗ ಹಾವೇ ತಲೆ ಎತ್ತಿದಂತೆ ಕಾಣುತ್ತದೆ. ಹೆಸರು ಬಂದದ್ದೇಕೆಂದು ಮಕ್ಕಳನ್ನೇ ಕೇಳಿ. ನೋಡಿದವರು ತಾವಾಗಿ ಹೇಳುತ್ತಾರೆ.

ಎರಡನೆಯ ದಿನ ಎಲ್ಲಿಗೂ ಹೋಗಬೇಡಿ. ಇಳಿದುಕೊಂಡ ಮನೆಯ ಅಡಕೆ ತೋಟವೇ ಆ ದಿನದ ಪಾಠಶಾಲೆ. ತೋಟ ಕಣಿವೆಯ ತಂಪಿನಲ್ಲಿರುತ್ತದೆ. ಅದರ ಮೇಲಿನ ಗುಡ್ಡ ‘ಸೊಪ್ಪಿನ ಬೆಟ್ಟ’. ಅಲ್ಲಿಯ ಹಸಿ ಸೊಪ್ಪು, ಒಣ ತರಗು ಕೊಟ್ಟಿಗೆಗೆ ಹೋಗಿ, ಗೊಬ್ಬರವಾಗಿ, ತೋಟಕ್ಕೆ ಇಳಿಯುತ್ತದೆ. ಬೆಟ್ಟ, ಹಟ್ಟಿ, ತೋಟ ಈ ಮೂರಕ್ಕೂ ಇರುವ ಸಂಬಂಧವನ್ನು ಮನೆಯವರ ಬಾಯಿಂದಲೇ ಮಕ್ಕಳಿಗೆ ಹೇಳಿಸಿ. ಮರದಿಂದ ಕಳಚಿ ಬಿದ್ದ ಅಡಕೆಯ ಹಾಳೆ ಸಿಕ್ಕಿದರೆ ಚಿಕ್ಕವನನ್ನು ಅದರ ಮೇಲೆ ಕೂಡಿಸಿ, ಸೋಗೆಯ ತುದಿ ಹಿಡಿದು ಅಂಗಳದಲ್ಲಿ ಎಳೆಯಿರಿ. ಕಾಸು ಖರ್ಚಿಲ್ಲದ ಈ ಬಂಡಿಗೆ ಸಮನಾದ ಆಟದ ಸಾಮಾನನ್ನು ನಾನಂತೂ ಪೇಟೆಯ ಅಂಗಡಿಯಲ್ಲಿ ಕಂಡಿಲ್ಲ.

ಅಡುಗೆಮನೆಯೂ ನೋಡತಕ್ಕ ಸ್ಥಳವೇ. ಹೊಳೆದಂಡೆಯ ಕಾಡುಮಾವಿನ ಎಳೆಗಾಯಿಯಿಂದ ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿ, ಬಿಸಿ ಕಡುಬು, ಒಂದೆಲಗದ ತಂಬುಳಿ, ಇವೆಲ್ಲ ಬರಿಯ ರುಚಿಯ ಮಾತಲ್ಲ. ನನ್ನ ಕಥೆಯನ್ನೇ ಹೇಳುತ್ತೇನೆ. ಎರಡನೆಯ ಸಲ ಹೋದಾಗ ತಾಯಿ ಬೆಳಿಗ್ಗೆ ಬಚ್ಚಲ ನೀರು ಹರಿಯುವ ಕಡೆ ಕೋಲೂರಿಕೊಂಡು ನಿಂತು, ‘ಇಲ್ಲಿ ನೋಡೇ, ಒಂದೆಲಗ’ ಎಂದು ಮೊಮ್ಮಗಳನ್ನು ಕರೆದರು. ಒಂದು ದಂಟಿಗೆ ಒಂದೇ ಎಲೆ, ಅದಕ್ಕೇ ಒಂದೆಲಗ. ಅದನ್ನು ಕಿತ್ತು, ತೊಳೆದು, ಜೀರಿಗೆ ಮೆಣಸಿನೊಡನೆ ಹುರಿದು ಕಾಯಿಯೊಡನೆ ರುಬ್ಬಿ ಮಜ್ಜಿಗೆ ಬೆರೆಸುವ ತನಕ ಇಬ್ಬರೂ ಮನೆಯಾಕೆಯ ಜೊತೆ ಒಲೆಯ ಮುಂದೆಯೇ ಇದ್ದರು. ಆ ನಾಲ್ಕು ದಿನಗಳಲ್ಲಿ ತಾಯಿ ಹೇಳಿದ ಗಿಡಗಳ ಹೆಸರು ಮಗಳ ಪುಸ್ತಕದಲ್ಲಿ ಮೂವತ್ತೊಂದಾದವು. ತಾಯಿಯ ಬಾಲ್ಯ ಇಂಥದೇ ಹಳ್ಳಿಯಲ್ಲಿ ಕಳೆದಿತ್ತು. ಐವತ್ತು ವರ್ಷ ಜೊತೆಯಲ್ಲಿದ್ದ ನಾನು ಒಂದು ಗಿಡದ ಹೆಸರನ್ನೂ ಕೇಳಿರಲಿಲ್ಲ.

ಸಂಜೆಗೆ ರೇಡಿಯೊ ಇರುವ ಮನೆಯವರಿಗೆ ತಕ್ಕ ಒಂದು ಆಟವಿದೆ. ನಮ್ಮ ಕಿವಿಗೆ ಕೇಳುವ ಅಭ್ಯಾಸ ಉಂಟಷ್ಟೆ? ದೀಪ ಆರಿಸಿ, ಕೈಯ ಫೋನುಗಳನ್ನೆಲ್ಲ ಒಳಗಿಟ್ಟು, ಎಲ್ಲರೂ ಜಗಲಿಯ ಮೇಲೆ ಹತ್ತು ನಿಮಿಷ ಮಾತಿಲ್ಲದೆ ಕುಳಿತುಕೊಳ್ಳಿ. ಯಾರಿಗೆ ಎಷ್ಟು ಬಗೆಯ ಸದ್ದು ಕೇಳಿಸಿತೆಂದು ಆಮೇಲೆ ಎಣಿಸಬೇಕು. ಜೀರುಂಡೆ, ಎರಡು ಮೂರು ಜಾತಿಯ ಕಪ್ಪೆ, ದೂರದ ಹಳ್ಳ, ಹೆಂಚಿನಿಂದ ತೊಟ್ಟಿಕ್ಕುವ ಹನಿ. ಬೆಳಗಿನ ಜಾವ ಎದ್ದರೆ ಮನುಷ್ಯರಂತೆಯೇ ಸಿಳ್ಳು ಹಾಕುವ ಸಿಳ್ಳಾರ. ಹೊತ್ತೇರಿದ ಮೇಲೆ ಕುಟ್ರು ಕುಟ್ರು ಎಂದು ತನ್ನ ಹೆಸರನ್ನೇ ಸಾರುವ ಕುಟ್ರುಹಕ್ಕಿ. ದೊಡ್ಡ ಮಂಗಟ್ಟೆ ಹಾರಿದರೆ ಹಳೆಯ ಉಗಿಬಂಡಿ ಹೊರಟಂತೆ ರೆಕ್ಕೆಯ ಸದ್ದು ಕೇಳುತ್ತದೆ. ವ್ಯಾಕರಣದಲ್ಲಿ ನಾವು ಅನುಕರಣಾವ್ಯಯವೆಂದು ಹೇಳಿಕೊಡುವ ಜುಳುಜುಳು, ಸರಸರ, ಪಟಪಟಗಳನ್ನು ಮಕ್ಕಳು ಇಲ್ಲಿ ಮೂಲದಿಂದಲೇ ಕಲಿಯುತ್ತಾರೆ. ತಾವು ಕೇಳಿದ ಸದ್ದಿಗೆ ಹೊಸ ಮಾತು ಕಟ್ಟಲು ಹೇಳಿ, ಅವರು ಸೋಲುವುದಿಲ್ಲ.

ಮೂರನೆಯ ದಿನ ಕುಪ್ಪಳಿಗೆ. ಕುವೆಂಪು ಅವರು 1904ರ ಡಿಸೆಂಬರ್ 29ರಂದು ಜನಿಸಿದ್ದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ. ಬೆಳೆದದ್ದು ಕುಪ್ಪಳಿಯ ಈ ಉಪ್ಪರಿಗೆಯ ಮನೆಯಲ್ಲಿ. ಈಗ ಅದು ಕವಿಮನೆಯೆಂಬ ವಸ್ತುಸಂಗ್ರಹಾಲಯ. ಒಳ ಅಂಗಳ, ಮರದ ಕಂಬ, ಹಳೆಯ ಪಾತ್ರೆ ಪದಾರ್ಥಗಳನ್ನು ಕಂಡಾಗ ಇಲ್ಲಿ ವಿವರಿಸುವ ಸರದಿ ಹಿರಿಯರದು. ಯಾವುದನ್ನು ಯಾತಕ್ಕೆ ಬಳಸುತ್ತಿದ್ದರೆಂಬುದು ಅವರಿಗೇ ಗೊತ್ತು. ಬಳಿಯ ಕವಿಶೈಲದಲ್ಲಿ, 1994ರಲ್ಲಿ ತೀರಿಕೊಂಡ ಕವಿಯ ಸಮಾಧಿಯಿದೆ. ಹೊರಡುವಾಗ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನೋ ‘ಮಲೆನಾಡಿನ ಚಿತ್ರಗಳು’ ಪುಸ್ತಕವನ್ನೋ ಚೀಲದಲ್ಲಿಟ್ಟುಕೊಂಡು ಹೋಗಿ. ಬಂಡೆಯ ಮೇಲೆ ಕುಳಿತು ಒಬ್ಬೊಬ್ಬರು ಒಂದೊಂದು ಪುಟವನ್ನು ಗಟ್ಟಿಯಾಗಿ ಓದಿ. ಪುಸ್ತಕದಲ್ಲಿದ್ದ ಕಾಡು ಎದುರಿಗೇ ನಿಂತಿರುವಾಗ ಅರ್ಥಕೋಶ ಬೇಕಾಗುವುದಿಲ್ಲ.

ನಾಲ್ಕನೆಯ ದಿನ ಆಗುಂಬೆ, ತೀರ್ಥಹಳ್ಳಿಯಿಂದ ಸುಮಾರು 33 ಕಿಲೋಮೀಟರ್. ಎಲ್ಲರೂ ಸೂರ್ಯಾಸ್ತಕ್ಕೆ ಹೋಗುತ್ತಾರೆ. ಮೋಡವಿದ್ದರೆ ನಿರಾಶರಾಗಿ ಬರುತ್ತಾರೆ. ನಿರಾಶೆಗೆ ಕಾರಣವಿಲ್ಲ; ಸೂರ್ಯನಿಗಿಂತ ಆಶ್ಚರ್ಯವಾದದ್ದು ಕಾಲ ಕೆಳಗೇ ಇದೆ. ಆಗುಂಬೆ ಘಟ್ಟದ ಅಂಚು. ಅಂಚಿನ ಪಶ್ಚಿಮಕ್ಕೆ ಬಿದ್ದ ಮಳೆ ಕಣಿವೆಗಿಳಿದು ಸೀತಾನದಿಯ ಪಾಲಾಗಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಆ ಕಡಲು ಇಲ್ಲಿಂದ ಕೆಲವೇ ಗಂಟೆಗಳ ದಾರಿ. ಪೂರ್ವಕ್ಕೆ ಬಿದ್ದದ್ದು ತುಂಗೆಯನ್ನು ಸೇರಿ, ಕೂಡ್ಲಿಯಲ್ಲಿ ಭದ್ರೆಯೊಡನೆ ಬೆರೆತು, ಹಂಪೆಯ ಬಂಡೆಗಳ ನಡುವೆ ಹಾದು, ಕೃಷ್ಣೆಯಲ್ಲಿ ಒಂದಾಗಿ ಕೊನೆಗೆ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಒಂದೇ ಮೋಡದ ಎರಡು ಹನಿ. ಒಂದು ಪಡುಗಡಲಿಗೆ, ಇನ್ನೊಂದು ಮೂಡುಗಡಲಿಗೆ. ಭೂಗೋಳದ ಪುಸ್ತಕದಲ್ಲಿ ಜಲವಿಭಾಜಕವೆಂದು ಬಾಯಿಪಾಠ ಮಾಡಿದ್ದು ಇದನ್ನೇ.

ಆಗುಂಬೆಗೆ ವರ್ಷದಲ್ಲಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಕಡಲಿನ ಮೇಲಿಂದ ಬಂದ ಹಸಿಗಾಳಿ ಘಟ್ಟದ ಗೋಡೆಗೆ ತಗುಲಿ ಮೇಲೇರಿ ತಣಿಯುವುದರಿಂದ ನೀರಿಳಿಸುತ್ತದೆ. ಮಕ್ಕಳಿಗೆ ಈ ಅಂಕಿಯ ಅರ್ಥವಾಗಬೇಕಾದರೆ ಬಿಡಾರದ ಅಂಗಳದಲ್ಲಿ ರಾತ್ರಿ ನೇರ ಅಂಚಿನ ಪಾತ್ರೆಯೊಂದನ್ನು ಬಯಲಿಗಿಟ್ಟು, ಬೆಳಿಗ್ಗೆ ನಿಂತ ನೀರನ್ನು ಶಾಲೆಯ ಅಡಿಪಟ್ಟಿಯಿಂದ ಅಳೆಯಲು ಹೇಳಿ. ಬಿದ್ದ ನೀರು ಹರಿಯದೆ, ಇಂಗದೆ, ಆರದೆ ನಿಂತರೆ ವರ್ಷಕ್ಕೆ ಏಳು ಮೀಟರ್ ಆಳ! ನಾವು ಇಳಿದುಕೊಂಡ ಮನೆಯ ಮಾಡು ಮುಳುಗುತ್ತದೆಂದು ಲೆಕ್ಕ ಮಾಡಿದವಳು ನನ್ನ ಮಗಳು.

ಹೊತ್ತಿದ್ದರೆ ತೀರ್ಥಹಳ್ಳಿ ತಾಲ್ಲೂಕಿನಲ್ಲೇ ಇರುವ ಅಂಬುತೀರ್ಥಕ್ಕೂ ಹೋಗಿ ಬನ್ನಿ. ಶರಾವತಿ ಹುಟ್ಟುವುದು ಇಲ್ಲಿ. ಶ್ರೀರಾಮನು ಬಾಣವೂರಿ ನೀರು ತರಿಸಿದನೆಂದು ಸ್ಥಳಪುರಾಣ. ಅಂಬು ಎಂದರೆ ಶರ, ಆದ್ದರಿಂದ ಶರಾವತಿ. ಈ ಕಥೆ ಹೇಳುವ ಹಕ್ಕು ಅಜ್ಜಿಯದೇ. ಇಲ್ಲಿ ಪುಟ್ಟ ಕೊಳದಲ್ಲಿ ಕಂಡ ನೀರೇ ಮುಂದೆ ಜೋಗದಲ್ಲಿ 253 ಮೀಟರ್ ಧುಮುಕುತ್ತದೆ ಎಂಬುದು ತಿಳಿದರೆ, ಮುಂದಿನ ರಜೆಗೆ ಜೋಗದ ದಾರಿಯನ್ನು ಮಕ್ಕಳೇ ಕೇಳುತ್ತಾರೆ.

ಇನ್ನು ಎಚ್ಚರಿಕೆಯ ಮಾತು. ಹೊಳೆಯ ಪಾಚಿಗಟ್ಟಿದ ಬಂಡೆಯನ್ನೂ ಸುಳಿಯನ್ನೂ ಪೇಟೆಯವರು ಅರಿಯರು. ಮೇಲೆ ಎಲ್ಲೋ ಮಳೆಯಾದರೆ ಇಲ್ಲಿ ಬಿಸಿಲಿರುವಾಗಲೇ ನೀರು ಏರುತ್ತದೆ. ಊರವರು ಇಳಿಯುವ ಕಡೆ ಮಾತ್ರ, ಅವರನ್ನು ಕೇಳಿಯೇ ಇಳಿಯಬೇಕು. ಇಂಬಳ ಹತ್ತಿದರೆ ಗಾಬರಿ ಬೇಡ. ಉಪ್ಪನ್ನೋ ಸುಣ್ಣವನ್ನೋ ಮುಟ್ಟಿಸಿದರೆ ಉದುರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಗುಣ ಅದರ ಜೊಲ್ಲಿಗಿರುವುದರಿಂದ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ, ಅಷ್ಟೆ.

ಗಂಭೀರವಾದದ್ದು ಮಂಗನ ಕಾಯಿಲೆ. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಈ ರೋಗದ ವೈರಾಣು ಪತ್ತೆಯಾಯಿತು. ಕಾಡಿನ ಉಣುಗು, ಎಂದರೆ ಉಣ್ಣೆ, ಕಚ್ಚುವುದರಿಂದ ಮನುಷ್ಯರಿಗೆ ಅದು ಹರಡುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಹಾವಳಿ ಹೆಚ್ಚು. ಬೇಸಗೆಗಿಂತ ದಸರೆಯ ರಜೆ ಮೇಲು ಎಂದುದಕ್ಕೆ ಇದೇ ಕಾರಣ. ಆ ತಿಂಗಳುಗಳಲ್ಲಿ ಹೋಗಲೇಬೇಕಾದರೆ ಆರೋಗ್ಯ ಇಲಾಖೆಯವರನ್ನೋ ಮನೆಯವರನ್ನೋ ಮೊದಲು ವಿಚಾರಿಸಿ. ಕಾಡಿನ ತರಗೆಲೆಯ ಮೇಲೆ ಕೂರಬೇಡಿ. ಮೈತುಂಬ ಬಟ್ಟೆ ತೊಡಿ. ಬಂದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಿರಿ. ಸತ್ತ ಮಂಗದ ಬಳಿ ಸುಳಿಯದೆ ಊರವರಿಗೆ ತಿಳಿಸಿ. ಊರಿಗೆ ಮರಳಿದ ಮೇಲೆ ಯಾರಿಗಾದರೂ ಹಠಾತ್ತಾಗಿ ಜ್ವರ, ತಲೆನೋವು ಬಂದರೆ ವೈದ್ಯರಿಗೆ ಮಲೆನಾಡಿಗೆ ಹೋಗಿದ್ದೆವೆಂಬುದನ್ನು ಮರೆಯದೆ ಹೇಳಿ.

ಖರ್ಚಿನ ಲೆಕ್ಕ ನೋಡಿದರೆ ಎರಡು ದಿನಗಳ ಓಟಕ್ಕೂ ಈ ನಾಲ್ಕು ದಿನಗಳ ವಾಸಕ್ಕೂ ನಮಗೆ ಬಹಳ ವ್ಯತ್ಯಾಸವಾಗಲಿಲ್ಲ. ಪೆಟ್ರೋಲಿಗೆ ಹೋಗುತ್ತಿದ್ದುದು ಊಟಕ್ಕೆ ಹೋಯಿತು. ನನ್ನ ತಾಯಿ ಈಗ ಇಲ್ಲ. ಮಗಳ ಪುಸ್ತಕದಲ್ಲಿ ಮೂವತ್ತೊಂದು ಹೆಸರುಗಳಿವೆ. ಮೂವತ್ತೆರಡನೆಯದನ್ನು ಕೇಳಲು ನಮಗೆ ಯಾರೂ ಇಲ್ಲ. ತಮ್ಮ ಮನೆಯಲ್ಲಿ ಅಂಥ ಹಿರಿಯರಿದ್ದರೆ ಈ ರಜೆಯಲ್ಲಿ ಕಿಟಕಿಯ ಪಕ್ಕದ ಸ್ಥಳವನ್ನು ಅವರಿಗೆ ಕೊಡಿ. ಮಗ್ಗುಲಲ್ಲಿ ಮಕ್ಕಳನ್ನು ಕೂಡಿಸಿ, ಅವರ ಕೈಗೆ ಒಂದು ಖಾಲಿ ಪುಸ್ತಕವನ್ನೂ ಸೀಸದ ಕಡ್ಡಿಯನ್ನೂ ಕೊಡಿ.