ಪೊರೆಯೊಳಗಿನ ಜೀವ

ನಮ್ಮ ಬ್ಲಡ್ ಬ್ಯಾಂಕಿಗೆ ತರಬೇತಿಗೆಂದು ಬರುವ ಲ್ಯಾಬ್ ಟೆಕ್ನಿಷಿಯನ್ ಮಕ್ಕಳಿಗೆ ನಾನು ಮೊದಲು ಮಾಡಿಸುವುದು ಎರಡು ಟ್ಯೂಬಿನ ಪರೀಕ್ಷೆ. ಒಂದರಲ್ಲಿ ಸಲೈನ್, ಅಂದರೆ ನೂರಕ್ಕೆ 0.9ರಷ್ಟು ಉಪ್ಪಿರುವ ನೀರು. ಇನ್ನೊಂದರಲ್ಲಿ ಬರೀ ಡಿಸ್ಟಿಲ್ಡ್ ವಾಟರ್. ಎರಡಕ್ಕೂ ಒಂದೊಂದು ಹನಿ ರಕ್ತ ಬಿಟ್ಟು, ಹಿಂದೆ ಪತ್ರಿಕೆಯ ಹಾಳೆ ಹಿಡಿಯಲು ಹೇಳುತ್ತೇನೆ. ಸಲೈನಿನ ಟ್ಯೂಬು ಕೆಂಪಗೆ ಮಬ್ಬಾಗಿಯೇ ಇರುತ್ತದೆ, ಆಚೆಯ ಅಕ್ಷರ ಕಾಣುವುದಿಲ್ಲ. ಡಿಸ್ಟಿಲ್ಡ್ ವಾಟರಿನದ್ದು ನೋಡನೋಡುತ್ತಲೇ ತಿಳಿಯಾಗುತ್ತದೆ. ಕೆಂಪು ಬಣ್ಣ ಉಳಿದರೂ ಅದರಾಚೆಯ ಸಾಲುಗಳನ್ನು ಸಲೀಸಾಗಿ ಓದಬಹುದು.

“ಕರಗಿಹೋಯ್ತಲ್ಲ ಮೇಡಂ” ಎನ್ನುತ್ತಾರೆ. ಕರಗಿದ್ದಲ್ಲ, ಒಡೆದದ್ದು. ಕೆಂಪು ರಕ್ತಕಣದೊಳಗೆ ಲವಣ, ಪ್ರೋಟೀನುಗಳು ತುಂಬಿರುವುದರಿಂದ ಹೊರಗಿನ ನೀರು ಒಳಕ್ಕೆ ನುಗ್ಗುತ್ತದೆ. ಕಣ ಉಬ್ಬುತ್ತದೆ, ಪೊರೆ ತಡೆಯಲಾರದೆ ಹರಿಯುತ್ತದೆ, ಹಿಮೋಗ್ಲೋಬಿನ್ ಹೊರಗೆ ಚೆಲ್ಲುತ್ತದೆ. ರಕ್ತನಾಳಕ್ಕೆ ಬರೀ ನೀರನ್ನು ಏರಿಸಬಾರದು ಎನ್ನುವುದು ಇದಕ್ಕೇ.

ಜೀವಕೋಶಕ್ಕೆ ಪೊರೆ ಯಾಕೆ ಬೇಕು ಎಂದು ಕೇಳುವವರಿಗೆ ಕೆಂಪು ರಕ್ತಕಣದಷ್ಟು ನೇರವಾಗಿ ಉತ್ತರಿಸುವ ಕೋಶ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ. ಇದಕ್ಕೆ ಕೋಶಕೇಂದ್ರವಿಲ್ಲ, ಮೈಟೋಕಾಂಡ್ರಿಯವೂ ಇಲ್ಲ. ಬೆಳೆಯುವ ಹಂತದಲ್ಲೇ ಎಲ್ಲವನ್ನೂ ಕಳಚಿಕೊಂಡಿರುತ್ತದೆ. ಆದರೂ ಸುಮಾರು 120 ದಿನ ದೇಹವಿಡೀ ಸುತ್ತಿ ದುಡಿಯುತ್ತದೆ. ಅದೇ ಪೊರೆ ಹರಿದರೆ ಒಂದು ಗಳಿಗೆಯೂ ಉಳಿಯದು.

ಆ ಪೊರೆಯ ದಪ್ಪ ಕಣದ ಅಗಲದ ಸಾವಿರದಲ್ಲೊಂದು ಪಾಲು ಇರಬಹುದು, ಅಷ್ಟೇ. 1925ರಲ್ಲಿ ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬಿಬ್ಬರು ಕೆಂಪುಕಣಗಳ ಕೊಬ್ಬನ್ನೆಲ್ಲ ಬೇರ್ಪಡಿಸಿ ನೀರಿನ ಮೇಲೆ ಹರಡಿ ಅಳೆದರು. ಕಣಗಳ ಮೈಯ ವಿಸ್ತೀರ್ಣಕ್ಕಿಂತ ಅದು ಎರಡರಷ್ಟು ಬಂತು. ಹಾಗಾದರೆ ಪೊರೆ ಎರಡು ಪದರದ್ದು ಎಂದು ತೀರ್ಮಾನಿಸಿದರು. ಅವರ ಲೆಕ್ಕದಲ್ಲಿ ಕೊರತೆಗಳಿದ್ದವೆಂದು ಆಮೇಲೆ ಗೊತ್ತಾಯಿತು, ತೀರ್ಮಾನ ಮಾತ್ರ ಸರಿಯೇ ಇತ್ತು. ಕೊಬ್ಬಿನ ಅಣುಗಳು ನೀರಿಗೆ ಒಗ್ಗುವ ತಲೆಯನ್ನು ಹೊರಕ್ಕೂ ಒಳಕ್ಕೂ ಚಾಚಿ, ಒಗ್ಗದ ಬಾಲಗಳನ್ನು ನಡುವೆ ಅಡಗಿಸಿ ನಿಂತಿರುತ್ತವೆ. ಲವಣದ ಅಯಾನುಗಳು ಆ ನಡುವಿನ ಕೊಬ್ಬನ್ನು ಸುಲಭಕ್ಕೆ ದಾಟಲಾರವು. ಅವಕ್ಕೆ ಪ್ರೋಟೀನಿನ ದಾರಿಗಳೇ ಬೇಕು.

ಇಷ್ಟಾದರೂ ಪೊರೆ ಸ್ವಲ್ಪ ಸ್ವಲ್ಪ ಸೋರುತ್ತಲೇ ಇರುತ್ತದೆ. ಕಣದೊಳಗೆ ಪೊಟ್ಯಾಸಿಯಂ ಹೆಚ್ಚು, ಹೊರಗಿನ ಪ್ಲಾಸ್ಮಾದಲ್ಲಿ ಸೋಡಿಯಂ ಹೆಚ್ಚು. ಸುಮ್ಮನೆ ಬಿಟ್ಟರೆ ಎರಡೂ ಬೆರೆತು ಸಮವಾಗಿ, ಕಣ ನೀರು ಕುಡಿದು ಒಡೆಯುತ್ತದೆ. ತೂತುಬಿದ್ದ ದೋಣಿಯಲ್ಲಿ ಕೂತ ಅಂಬಿಗ ನೀರನ್ನು ಮೊಗೆಮೊಗೆದು ಹೊರಹಾಕುವಂತೆ, ಪೊರೆಯಲ್ಲಿರುವ ಪ್ರೋಟೀನು ಪಂಪೊಂದು ಪ್ರತಿ ಸುತ್ತಿಗೂ ಮೂರು ಸೋಡಿಯಂ ಹೊರದಬ್ಬಿ ಎರಡು ಪೊಟ್ಯಾಸಿಯಂ ಒಳಗೆಳೆದುಕೊಳ್ಳುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಇದನ್ನು ಏಡಿಯ ನರದಲ್ಲಿ ಗುರುತಿಸಿದರು. ನೊಬೆಲ್ ಬಂದದ್ದು ನಲವತ್ತು ವರ್ಷ ಕಳೆದು, 1997ರಲ್ಲಿ.

ನಮ್ಮ ಕೆಲಸವೆಲ್ಲ ಆ ಪಂಪನ್ನು ನೆಚ್ಚಿಕೊಂಡದ್ದು. ರಕ್ತದ ಚೀಲದ ದ್ರಾವಣದಲ್ಲಿ ಸಕ್ಕರೆ ಇರುವುದು ಕಣಗಳ ಹೊಟ್ಟೆಪಾಡಿಗೆ; ಪಂಪು ಓಡಲು ಬೇಕಾದ ಶಕ್ತಿ ಅದರಿಂದಲೇ. ಚೀಲವನ್ನು 2ರಿಂದ 6 ಡಿಗ್ರಿ ತಂಪಿನಲ್ಲಿಟ್ಟರೆ ಸಕ್ಕರೆ ಬೇಗ ಮುಗಿಯದು, ರೋಗಾಣುಗಳೂ ಸುಲಭಕ್ಕೆ ಬೆಳೆಯವು. ಆದರೆ ಆ ಚಳಿಗೆ ಪಂಪು ಬಹುಮಟ್ಟಿಗೆ ನಿಂತೇಹೋಗಿ, ದಿನ ಕಳೆದಂತೆ ಪೊಟ್ಯಾಸಿಯಂ ಹೊರಗೆ ಸೇರಿಕೊಳ್ಳುತ್ತದೆ. ಹಾಗಾಗಿಯೇ ನವಜಾತ ಶಿಶುವಿನ ರಕ್ತವನ್ನೆಲ್ಲ ಬದಲಾಯಿಸಬೇಕಾದಾಗ ವೈದ್ಯರು ಹೊಸ ಚೀಲವನ್ನೇ ಕೇಳುತ್ತಾರೆ. ಆ ಪುಟ್ಟ ಹೃದಯಕ್ಕೆ ಹೆಚ್ಚಿನ ಪೊಟ್ಯಾಸಿಯಂ ತಡೆಯದು. ಚೀಲದ ಮೇಲಿನ 35 ಅಥವಾ 42 ದಿನಗಳ ಗಡುವೂ ಕಣಗಳು ಎಷ್ಟು ದಿನ ತಾಳುತ್ತವೆ ಎಂಬ ಲೆಕ್ಕದ್ದೇ.

ಚೀಲ ಒಯ್ಯಲು ಬರುವ ಬಂಧುಗಳಿಗೆ ನಾನು ತಪ್ಪದೆ ಹೇಳುವ ಮಾತಿದೆ. ಐಸ್ ಗಡ್ಡೆಗೆ ನೇರ ತಾಗಿಸಬೇಡಿ, ಬೇಗ ಕೆಡುತ್ತದೆಂದು ಹೆದರಿ ಫ್ರೀಜರಿನಲ್ಲೂ ಇಡಬೇಡಿ; ಹೆಪ್ಪುಗಟ್ಟಿದರೆ ಪೊರೆ ಹರಿಯುತ್ತದೆ. ಬೆಚ್ಚಗಾಗಲೆಂದು ಬಿಸಿನೀರಿನಲ್ಲಿ ಅದ್ದಲೂಬೇಡಿ. ಒಡೆದ ಕಣಗಳಿಂದ ಚೆಲ್ಲಿದ ಹಿಮೋಗ್ಲೋಬಿನ್ ರೋಗಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಡಬ್ಬಿಯಲ್ಲಿಟ್ಟುಕೊಂಡು, ದಾರಿಯಲ್ಲಿ ಎಲ್ಲೂ ನಿಲ್ಲದೆ, ನೆಟ್ಟಗೆ ವಾರ್ಡಿನ ಸಿಸ್ಟರ್ ಕೈಗೆ ಕೊಡಿ.