ಯಶೋದೆಯ ಮನೆಯ ಲೆಕ್ಕ

ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರವನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿಯೇ ಇರುವರು. ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕನಾಗಿದ್ದ ಸೋಮನಾಥನು ೧೩ನೆಯ ಶತಮಾನದಲ್ಲಿ ಕಟ್ಟಿಸಿದ ಅಲ್ಲಿಯ ಕೇಶವಾಲಯವು ೨೦೨೩ರಲ್ಲಿ ಬೇಲೂರು ಹಳೆಯಬೀಡುಗಳ ದೇವಾಲಯಗಳೊಡನೆ ಯುನೆಸ್ಕೋದವರ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಮೂರು ಗರ್ಭಗುಡಿಗಳಲ್ಲಿ ದಕ್ಷಿಣದ್ದು ವೇಣುಗೋಪಾಲನದು. ಆ ಮೂರ್ತಿಯೆದುರು ನಿಂತಾಗ ಶಿಲ್ಪಿಯ ಕೈಚಳಕಕ್ಕಿಂತ ಮೊದಲು ನಮಗೆ ನೆನಪಾಗುವುದು, ಇವನು ಸಾಕುಮನೆಯಲ್ಲಿ ಬೆಳೆದ ಮಗುವೆಂಬ ಮಾತು. ಹೆತ್ತವಳು ದೇವಕಿ, ಉಣಿಸಿ ಗದರಿಸಿ ಬೆಳೆಸಿದವಳು ಯಶೋದೆ. ಅವನು ಕಾಯ್ದ ದನಗಳೂ ಸಾಕಿದ ಮನೆಯವೇ.

ನಂದಗೋಪನ ಹಟ್ಟಿಯ ತುಂಬ ಹಸುಗಳಿದ್ದುವು. ಮಗುವಿನ ಹಾಲು ಬೆಣ್ಣೆಗಾಗಿ ಅವನು ಯಾವ ಕಚೇರಿಯ ಬಾಗಿಲನ್ನೂ ಕಾಯಬೇಕಾಗಲಿಲ್ಲ. ಇಂದಿನ ಯಶೋದೆಯರ ಸಂಗತಿ ಬೇರೆ. ಪರರ ಮಗುವನ್ನು ಮನೆಗೆ ತಂದು ಸಾಕುವವರಿಗೆ, ತಬ್ಬಲಿಯಾದ ಮೊಮ್ಮಗನನ್ನೋ ತಮ್ಮನ ಮಗಳನ್ನೋ ಮಡಿಲಿಗೆ ಹಾಕಿಕೊಂಡವರಿಗೆ ಸರ್ಕಾರದಿಂದ ಏನು ದೊರೆಯುವುದು, ಅದು ಎಲ್ಲಿಯವರೆಗೆ ನಡೆದು ಎಲ್ಲಿ ನಿಂತುಹೋಗುವುದು ಎಂಬುದನ್ನು ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮ್ಮ ಹಳ್ಳಿಗಳಲ್ಲಿ ಇದಕ್ಕೆಲ್ಲ ‘ಸಾಕಿಕೊಂಡರು’ ಎಂಬ ಒಂದೇ ಮಾತು ಸಾಕು. ಕಾನೂನಿಗೆ ಅದು ಸಾಲದು. ಅಲ್ಲಿ ಮೂರು ದಾರಿಗಳಿವೆ. ಮಗುವು ತನ್ನ ತಾಯಿಯ ಅಥವಾ ಬಂಧುಗಳ ಬಳಿಯಲ್ಲೇ ಇದ್ದು, ಅದರ ಪಾಲನೆಗೆಂದು ಆ ಮನೆಗೆ ನೆರವು ಬಂದರೆ ಅದು ಪ್ರಾಯೋಜಕತ್ವ. ಮಕ್ಕಳ ಕಲ್ಯಾಣ ಸಮಿತಿಯ ಆಜ್ಞೆಯಂತೆ ಮಗುವನ್ನು ಬೇರೊಂದು ಕುಟುಂಬದವರು ತಮ್ಮ ಮನೆಯಲ್ಲಿಟ್ಟುಕೊಂಡು ಸಾಕಿದರೆ ಅದು ಪೋಷಕತ್ವ. ಇಲ್ಲಿ ಹೆತ್ತವರ ಸಂಬಂಧ ಹರಿಯುವುದಿಲ್ಲ. ಸಮಿತಿಯವರು ಬೇಡವೆನ್ನದಿದ್ದರೆ ಅವರು ಬಂದು ಮಗುವನ್ನು ನೋಡಬಹುದು. ಅವರ ಸ್ಥಿತಿ ಸುಧಾರಿಸಿದರೆ ಮಗು ಹಿಂದಿರುಗಲೂಬಹುದು. ಸಾಕಿದವರ ಆಸ್ತಿಯಲ್ಲಿ ಮಗುವಿಗೆ ಹಕ್ಕು ಹುಟ್ಟುವುದಿಲ್ಲ. ಮೂರನೆಯದು ದತ್ತಕ. ಅದಾದ ದಿನದಿಂದ ಮಗುವು ಸರ್ವವಿಧದಲ್ಲಿಯೂ ಆ ಮನೆಯ ಮಗುವೇ. ೨೦೨೨ರ ಸೆಪ್ಟೆಂಬರಿನಿಂದೀಚೆಗೆ ಬಾಲನ್ಯಾಯ ಕಾಯಿದೆಯ ಮೇರೆಗೆ ದತ್ತಕದ ಆಜ್ಞೆಯನ್ನು ನ್ಯಾಯಾಲಯಕ್ಕೆ ಬದಲಾಗಿ ಜಿಲ್ಲಾಧಿಕಾರಿಗಳೇ ಕೊಡುವರು.

ಹಣದ ಮಾತಿಗೆ ಬರೋಣ. ಮೊದಲು ಮಗುವೊಂದಕ್ಕೆ ತಿಂಗಳಿಗೆ ೨,೦೦೦ ರೂಪಾಯಿಗಳಿದ್ದ ನೆರವನ್ನು ‘ಮಿಷನ್ ವಾತ್ಸಲ್ಯ’ವೆಂಬ ಯೋಜನೆಯ ೨೦೨೨ರ ನಿಯಮಗಳು ೪,೦೦೦ ರೂಪಾಯಿಗಳಿಗೆ ಏರಿಸಿದುವು. ನೂರಕ್ಕೆ ೬೦ರ ಪಾಲು ಕೇಂದ್ರ ಸರ್ಕಾರದ್ದು, ೪೦ರ ಪಾಲು ರಾಜ್ಯದ್ದು. ಪ್ರಾಯೋಜಕತ್ವಕ್ಕೂ ಪೋಷಕತ್ವಕ್ಕೂ ಮೊತ್ತವು ಒಂದೇ. ವರ್ಷಕ್ಕೆ ೪೮,೦೦೦ ರೂಪಾಯಿಗಳಾಗುವುದು. ಪಟ್ಟಣದ ಗೃಹಸ್ಥರಿಗೆ ಇದು ದೊಡ್ಡದಾಗಿ ಕಾಣದಿರಬಹುದು. ಕಾವೇರಿಯ ಬಯಲಿನಲ್ಲಿ ಗದ್ದೆಯ ಕೂಲಿಗೆ ಹೋಗುವ ಮನೆಗೆ ಇದು ಮಗುವಿನ ಊಟ, ಬಟ್ಟೆ, ಪುಸ್ತಕ, ಔಷಧಿಗಳಿಗೆ ಆಸರೆ.

ಇಂತಹ ಊರಿನ ಒಬ್ಬ ಅಜ್ಜಿಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ಮಗಳೂ ಅಳಿಯನೂ ಇಲ್ಲ. ಎಂಟು ವರ್ಷದ ಮೊಮ್ಮಗಳು ಆಕೆಯ ಬಳಿ ಇದೆ. ಮನೆಯಲ್ಲಿ ದುಡಿಯುವವನು ಕೂಲಿಗೆ ಹೋಗುವ ಮಗನೊಬ್ಬನೇ. ತಂದೆತಾಯಿಯಿಲ್ಲದೆ ಬಂಧುಗಳ ಆಶ್ರಯದಲ್ಲಿರುವ ಮಗು ಪ್ರಾಯೋಜಕತ್ವಕ್ಕೆ ಅರ್ಹವೆಂದು ನಿಯಮವೇ ಹೇಳುವುದು. ಆದರೆ ಹಳ್ಳಿಯಲ್ಲಿ ಕುಟುಂಬದ ವರಮಾನವು ವರ್ಷಕ್ಕೆ ೭೨,೦೦೦ ರೂಪಾಯಿಗಳನ್ನು ಮೀರಿರಕೂಡದು, ಉಳಿದೆಡೆ ೯೬,೦೦೦. ಲೆಕ್ಕ ಹಾಕಿ ನೋಡಿರಿ. ದಿನಕ್ಕೆ ೩೦೦ ರೂಪಾಯಿ ಕೂಲಿಯಂತೆ ಮಗನು ೨೪೦ ದಿನ ದುಡಿದರೆ ಸರಿಯಾಗಿ ೭೨,೦೦೦ ಆಯಿತು. ೨೪೧ನೆಯ ದಿನ ಕೆಲಸಕ್ಕೆ ಹೋದರೆ ಮಗುವು ಯೋಜನೆಯಿಂದ ಹೊರಗೆ! ಕಷ್ಟಪಟ್ಟು ದುಡಿಯುವವನಿಗೇ ತೊಡಕಾಗುವ ಈ ಗೆರೆಯು ಬಹಳ ಇಕ್ಕಟ್ಟಾದುದೆಂದು ನಮಗೆ ತೋರುವುದು. ಗೆರೆಯೊಳಗಿರುವವರಾದರೂ ಕೇಳಿಕೊಳ್ಳದೆ ಬಿಡಬಾರದು. ‘ಸ್ವಂತ ಮೊಮ್ಮಗಳನ್ನು ಸಾಕುವುದಕ್ಕೆ ಸಂಬಳವೇ?’ ಎಂದು ನಾಚುವ ಹಿರಿಯರುಂಟು. ಅದು ಅಜ್ಜಿಗೆ ಕೊಡುವ ಸಂಬಳವಲ್ಲ, ಮಗುವಿಗೆ ಸಲ್ಲತಕ್ಕ ಹಣ. ಮಗುವನ್ನು ಶಾಲೆಗೆ ಸರಿಯಾಗಿ ಕಳುಹಿಸದಿದ್ದರೆ ಅದನ್ನು ತಡೆಹಿಡಿಯುವ ನಿಯಮವಿರುವುದೂ ಅದಕ್ಕಾಗಿಯೇ.

ಕೋವಿಡ್ ರೋಗದಲ್ಲಿ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ ಮಕ್ಕಳಿಗಾಗಿ ೨೦೨೧ರಲ್ಲಿ ನಮ್ಮ ರಾಜ್ಯವು ‘ಮುಖ್ಯಮಂತ್ರಿಗಳ ಬಾಲಸೇವಾ’ ಎಂಬ ಯೋಜನೆಯನ್ನು ಸಾರಿ, ಸಾಕುವವರಿಗೆ ತಿಂಗಳಿಗೆ ೩,೫೦೦ ರೂಪಾಯಿಗಳನ್ನು ಗೊತ್ತುಮಾಡಿತು. ಬಂಧುಗಳ ಮನೆಯೂ ಒಂದು ಅನಾಥಾಲಯದಷ್ಟೇ ಖರ್ಚಿನ ಮನೆಯೆಂಬ ಮಾತು ಆ ವರ್ಷ ಎಲ್ಲರಿಗೂ ಕಣ್ಣಿಗೆ ಕಟ್ಟಿದಂತಾಯಿತು.

ಇನ್ನು ಪೋಷಕತ್ವ. ಇದು ಹೆಚ್ಚಾಗಿ ಬೇಕಾಗಿರುವುದು ಆರು ವರ್ಷ ದಾಟಿದ ಮಕ್ಕಳಿಗೆ. ದತ್ತಕ ಬಯಸುವ ದಂಪತಿಗಳು ಕೇಳುವುದು ತೊಟ್ಟಿಲ ಕೂಸನ್ನು. ಇದರಲ್ಲಿ ನಮ್ಮ ಹಳೆಯ ಅಭ್ಯಾಸವೂ ಸೇರಿದೆ. ದತ್ತಕವೆಂದರೆ ವಂಶ ಉಳಿಸುವ ಉಪಾಯವೆಂದೇ ನಾವು ತಿಳಿದು ಬಂದವರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ೧೮೬೫ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡದ್ದು, ಆಂಗ್ಲ ಸರ್ಕಾರವು ೧೮೬೭ರಲ್ಲಿ ಅದನ್ನು ಒಪ್ಪಿದ್ದು, ೧೮೮೧ರಲ್ಲಿ ರಾಜ್ಯವು ಅವರ ಕೈಗೆ ಬಂದದ್ದು ನಮ್ಮ ಸೀಮೆಯವರೆಲ್ಲ ಬಲ್ಲ ಚರಿತ್ರೆ. ಅಲ್ಲಿ ಸಿಂಹಾಸನಕ್ಕೆ ಮಗು ಬೇಕಾಗಿತ್ತು. ಬಾಲಮಂದಿರದ ಹತ್ತು ವರ್ಷದ ಹುಡುಗನ ಸಂಗತಿ ಇದಕ್ಕೆ ತಲೆಕೆಳಗು. ಅವನಿಗೆ ಬೇಕಾಗಿರುವುದು ಒಂದು ಮನೆ. ಅಕ್ಕ ತಮ್ಮಂದಿರಿದ್ದರೆ ಅವರನ್ನು ಸಾಧ್ಯವಾದಷ್ಟು ಒಂದೇ ಮನೆಯಲ್ಲಿರಿಸಬೇಕೆಂದು ಕಾಯಿದೆ ಹೇಳುವುದರಿಂದ, ಇಬ್ಬರನ್ನು ಒಟ್ಟಿಗೆ ಕರೆದೊಯ್ಯುವ ಮನಸ್ಸಿನವರು ಇನ್ನೂ ವಿರಳ.

೨೦೨೪ರಲ್ಲಿ ಪೋಷಕತ್ವದ ಮಾದರಿ ನಿಯಮಗಳನ್ನು ಸಡಿಲಿಸಿದರು. ಅವಿವಾಹಿತರು, ವಿಧವೆಯರು, ವಿಧುರರು, ವಿಚ್ಛೇದನ ಪಡೆದವರು ಸಹ ಈಗ ಪೋಷಕರಾಗಬಹುದು. ಒಂಟಿ ಹೆಂಗಸು ಗಂಡು ಹೆಣ್ಣು ಯಾವ ಮಗುವನ್ನಾದರೂ ಸಾಕಬಹುದು, ಒಂಟಿ ಗಂಡಸಿಗೆ ಹೆಣ್ಣುಮಗುವನ್ನು ಒಪ್ಪಿಸುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದೆಂದರೆ, ಮಗುವು ಎರಡು ವರ್ಷ ಆ ಮನೆಯಲ್ಲಿದ್ದು ಹೊಂದಿಕೊಂಡ ಮೇಲೆ, ಅದು ದತ್ತಕಕ್ಕೆ ಮುಕ್ತವಾದ ಮಗುವಾಗಿದ್ದರೆ, ಸಾಕಿದವರೇ ದತ್ತು ತೆಗೆದುಕೊಳ್ಳಬಹುದು. ಹಿಂದೆ ಇದಕ್ಕೆ ಐದು ವರ್ಷ ಕಾಯಬೇಕಾಗಿತ್ತು.

ಗೃಹಸ್ಥರು ಲೆಕ್ಕದ ಪುಸ್ತಕ ತೆರೆಯಬೇಕಾದುದು ಇಲ್ಲಿಯೇ. ಪೋಷಕತ್ವ ಮುಗಿದೊಡನೆ ಪೋಷಕತ್ವದ ಹಣವೂ ಮುಗಿಯುವುದು. ನಿನ್ನೆಯವರೆಗೆ ಸಾಕುಮಗನಾಗಿ ತಿಂಗಳಿಗೆ ೪,೦೦೦ ತರುತ್ತಿದ್ದ ಹುಡುಗನು ಇಂದು ಮಗನಾದನೆಂದು ಆ ನೆರವು ನಿಂತಿತು. ಹುಡುಗನ ಹಸಿವು ಹಾಗೆಯೇ ಇದೆ. ಶಾಲೆಯ ಖರ್ಚು ಮೊದಲಿಗಿಂತ ಹೆಚ್ಚು. ಸಾಧಾರಣ ಸ್ಥಿತಿಯ ದಂಪತಿಗಳು ಹೀಗಾಗಿ ಮನಸ್ಸಿನಲ್ಲಿ ಮಗನೆಂದುಕೊಂಡವನನ್ನು ಕಾಗದದಲ್ಲಿ ಸಾಕುಮಗನಾಗಿಯೇ ಉಳಿಸಿಕೊಂಡರೆ ನಾವು ಅವರನ್ನು ಜರೆಯಲಾರೆವು. ಆದರೆ ನಷ್ಟ ಹುಡುಗನದು. ಅವನಿಗೆ ಆ ಮನೆಯ ಹೆಸರಿಲ್ಲ, ಹಕ್ಕಿಲ್ಲ. ಪೋಷಕತ್ವವೂ ಹದಿನೆಂಟು ತುಂಬಿದೊಡನೆ ಮುಗಿಯತಕ್ಕದ್ದು.

ಈ ತೊಡಕು ನಮ್ಮಲ್ಲಿ ಮಾತ್ರವೇ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ಇದನ್ನು ಕಂಡುಕೊಂಡು ೧೯೮೦ರಲ್ಲಿ ಒಂದು ಕಾನೂನನ್ನೇ ಮಾಡಿದರು. ವಯಸ್ಸು, ಅಂಗವಿಕಲತೆ, ಒಡಹುಟ್ಟಿದವರ ಗುಂಪು ಇಂತಹ ಕಾರಣಗಳಿಂದ ಮನೆ ದೊರೆಯದ ಮಕ್ಕಳನ್ನು ದತ್ತು ಪಡೆದವರಿಗೆ, ದತ್ತಕವಾದ ಮೇಲೆಯೂ ಮಾಸಿಕ ಸಹಾಯವನ್ನು ಮುಂದುವರಿಸುವ ಏರ್ಪಾಡು ಅದರಲ್ಲಿದೆ. ಎಲ್ಲ ದತ್ತಕಕ್ಕೂ ಹಣ ಕೊಡಬೇಕೆಂದು ನಾವು ಹೇಳುವುದಿಲ್ಲ. ಕೂಸಿಗಾಗಿ ವರ್ಷಗಟ್ಟಲೆ ಸರದಿ ಕಾಯುವ ಅನುಕೂಲಸ್ಥರಿಗೆ ಅದು ಬೇಕಿಲ್ಲ. ಸಾಕಿದ ಮನೆಯವರೇ ದೊಡ್ಡ ಮಗುವನ್ನು ದತ್ತು ತೆಗೆದುಕೊಂಡಾಗ, ಆ ೪,೦೦೦ ರೂಪಾಯಿಗಳು ಮಗುವಿಗೆ ಹದಿನೆಂಟು ತುಂಬುವವರೆಗಾದರೂ ನಡೆಯಲಿ. ಬಾಲಮಂದಿರದಲ್ಲಿಯೇ ಇದ್ದಿದ್ದರೆ ಆ ಮಗುವಿನ ಅಶನ ವಸನಗಳಿಗೆ ಸರ್ಕಾರವು ಹೇಗೂ ವೆಚ್ಚ ಮಾಡಬೇಕಾಗಿತ್ತಲ್ಲವೆ?

ಹಣದ ಮಾತೆತ್ತಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಬಡತನದಿಂದ ಮಗುವನ್ನು ಕೊಡುವ ಮನೆಗೆ ‘ಏನೋ ಒಂದಿಷ್ಟು’ ಕೊಟ್ಟು ತಂದುಕೊಳ್ಳುವುದನ್ನು ಕೆಲವರು ಉಪಕಾರವೆಂದೇ ಭಾವಿಸುವರು. ೧೯೫೬ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯು ದತ್ತಕಕ್ಕೆ ಪ್ರತಿಫಲವಾಗಿ ಹಣ ಕೊಡುವುದನ್ನೂ ಪಡೆಯುವುದನ್ನೂ ನಿಷೇಧಿಸಿದೆ. ಮಗುವಿನ ಮಾರಾಟವೆಂದು ಸಿದ್ಧವಾದರಂತೂ ಬಾಲನ್ಯಾಯ ಕಾಯಿದೆಯ ಮೇರೆಗೆ ಐದು ವರ್ಷಗಳವರೆಗೆ ಕಠಿನ ಸಜೆಯೂ ಒಂದು ಲಕ್ಷ ರೂಪಾಯಿ ದಂಡವೂ ಉಂಟು. ಆಸ್ಪತ್ರೆಯ ಆವರಣದಲ್ಲಿ ಕೂಸನ್ನು ಕೊಡಿಸುವೆನೆಂದು ಬರುವ ಮಧ್ಯಸ್ಥನನ್ನು ಬಾಗಿಲೊಳಗೆ ಬಿಡಲಾಗದು.

ನೆರವು ಬೇಕಾದವರು ಕಾಣಬೇಕಾದುದು ಮೈಸೂರಿನಲ್ಲಿರುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು. ತಂದೆತಾಯಿಗಳು ತೀರಿಹೋಗಿದ್ದರೆ ಅವರ ಮರಣಪತ್ರ, ನಾಡಕಚೇರಿಯ ವರಮಾನಪತ್ರ, ರೇಷನ್ ಕಾರ್ಡು, ಆಧಾರ್, ಮಗುವಿನ ಶಾಲೆಯಿಂದ ವ್ಯಾಸಂಗಪತ್ರ, ಬ್ಯಾಂಕಿನ ಪಾಸ್‌ಬುಕ್ಕು ಇವುಗಳನ್ನು ಜೋಡಿಸಿಟ್ಟುಕೊಳ್ಳುವುದು ಒಳ್ಳೆಯದು. ಊರಿನ ಅಂಗನವಾಡಿಯ ಕಾರ್ಯಕರ್ತೆಯನ್ನು ಮೊದಲು ಕೇಳಿಕೊಂಡರೆ ದಾರಿ ಸುಲಭವಾದೀತು. ಸೋಮನಾಥಪುರದಿಂದ ಬನ್ನೂರಿನ ಮೇಲೆ ಮೈಸೂರಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋದಂತೆಯೇ. ಆದುದರಿಂದ ಬಸ್ಸು ಹತ್ತುವ ಮೊದಲು ಮಕ್ಕಳ ಸಹಾಯವಾಣಿಯಾದ ೧೦೯೮ಕ್ಕೆ ಫೋನು ಮಾಡಿ, ಯಾವ ಕಾಗದ ಬೇಕು, ಯಾರನ್ನು ಕಾಣಬೇಕು ಎಂಬುದನ್ನು ವಿಚಾರಿಸಿಕೊಳ್ಳಬಹುದು. ಆ ಕರೆಗೆ ಕಾಸು ಬೀಳುವುದಿಲ್ಲ.