ನಾಯಿಗೆ ಯಾವ ಟೇಬಲ್ಲು? ಇ-ಆರ್ ನಕ್ಷೆಯಿಂದ ನಿಯಮ ಓದುವ ಬಗೆ

ಶಾಸನಗಳ ಪಟ್ಟಿಯನ್ನು ಎಕ್ಸೆಲ್‌ನಿಂದ ಡೇಟಾಬೇಸಿಗೆ ತರಬೇಕು ಅಂತ ಹೊರಡುವ ಆಸಕ್ತರು ಈಗ ಹೆಚ್ಚಾಗಿದ್ದಾರೆ. ಒಳ್ಳೆಯದೇ. ಆದರೆ ಟೇಬಲ್ ಕಟ್ಟುವ ಮುಂಚೆ ಎಂಟಿಟಿ-ರಿಲೇಶನ್‌ಶಿಪ್ ನಕ್ಷೆ ಬರೆದು, ಅದರ ಒಂದೊಂದು ಗೆರೆಯನ್ನೂ ಕನ್ನಡ ವಾಕ್ಯವಾಗಿ ಓದಿ ನೋಡಬೇಕು. ಓದಿದಾಗ ಹೊರಡುವ ವಾಕ್ಯಗಳೇ ಬಿಸಿನೆಸ್ ರೂಲ್‌ಗಳು. ಶಾಸನಕ್ಕೆಂಥ ಬಿಸಿನೆಸ್ಸು ಅನ್ನಬೇಡಿ. ಈ ಕ್ಷೇತ್ರದಲ್ಲಿ ಏನಿರಬಹುದು, ಏನಿರಕೂಡದು ಅನ್ನುವುದಷ್ಟೇ ಅದರ ಅರ್ಥ. ಆ ವಾಕ್ಯ ಸುಳ್ಳಾದರೆ, ಯಾವುದೋ ಒಂದು ಕಲ್ಲು ನಿಮ್ಮ ಡೇಟಾಬೇಸಿನ ಹೊರಗೇ ಉಳಿಯುತ್ತದೆ.

ಪೀಟರ್ ಚೆನ್ 1976ರಲ್ಲಿ ಮುಂದಿಟ್ಟ ಈ ನಕ್ಷೆಯ ಮೂಲ ವಿಚಾರ ಸರಳ. ಚೌಕದೊಳಗೆ ವಸ್ತು, ಚೌಕಗಳ ನಡುವೆ ಸಂಬಂಧದ ಗೆರೆ. ಈಗ ಹೆಚ್ಚು ಬಳಕೆಯಲ್ಲಿರುವ ಕಾಗೆಕಾಲಿನ ಪದ್ಧತಿಯಲ್ಲಿ ಗೆರೆಯ ತುದಿಯಲ್ಲಿ ಗುರುತುಗಳಿರುತ್ತವೆ: ಸೊನ್ನೆ ಅಂದರೆ ಇಲ್ಲದೆಯೂ ಇರಬಹುದು, ಅಡ್ಡಗೀಟು ಅಂದರೆ ಒಂದು, ಕಾಗೆಕಾಲು ಅಂದರೆ ಹಲವು. ಒಂದು ಗೆರೆಗೆ ಎರಡು ವಾಕ್ಯ, ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು. ಓದುವಾಗ ಎದುರಿನ ತುದಿಯ ಗುರುತು ನೋಡಬೇಕು.

ಸಾಮಾನ್ಯವಾಗಿ ಎಲ್ಲರೂ ಮೊದಲು ಬರೆಯುವುದು ಎರಡು ಚೌಕ: ಕಲ್ಲು, ಶಾಸನ. ಎರಡೂ ತುದಿಯಲ್ಲಿ ಅಡ್ಡಗೀಟು. ಓದಿ ನೋಡೋಣ. "ಪ್ರತಿ ಕಲ್ಲಿನ ಮೇಲೆ ಒಂದೇ ಶಾಸನ ಇರುತ್ತದೆ. ಪ್ರತಿ ಶಾಸನ ಒಂದೇ ಕಲ್ಲಿನ ಮೇಲೆ ಇರುತ್ತದೆ." ಈಗ ಮೊಳಕಾಲ್ಮೂರು ತಾಲ್ಲೂಕಿಗೆ ಹೋಗೋಣ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರೂ ಕಡೆ ಅಶೋಕನ ಹೆಚ್ಚುಕಡಿಮೆ ಅದೇ ಆಜ್ಞೆ ಬಂಡೆಗಳ ಮೇಲಿದೆ. ಎರಡನೇ ವಾಕ್ಯ ಅಲ್ಲೇ ಬಿತ್ತು. ಪಟ್ಟದಕಲ್ಲಿನಲ್ಲಿ ಇನ್ನೊಂದು ತೊಡಕು. ಇಮ್ಮಡಿ ಕೀರ್ತಿವರ್ಮನ ಕಾಲದ ಕಂಬದಲ್ಲಿ ಒಂದೇ ಒಕ್ಕಣೆಯನ್ನು ಎರಡು ಲಿಪಿಗಳಲ್ಲಿ ಕೆತ್ತಿದ್ದಾರೆ. ಹಾಗಾದರೆ ಲಿಪಿ ಅನ್ನೋದು ಯಾವುದರ ಗುಣ? ಒಕ್ಕಣೆಯದ್ದಲ್ಲ, ಕಲ್ಲಿನದ್ದೂ ಅಲ್ಲ. ಇವೆರಡರ ನಡುವೆ ನಮಗೆ ಕಾಣದೆ ಕೂತಿರುವ ಇನ್ನೊಂದು ವಸ್ತುವಿದೆ: ಕೆತ್ತನೆ. ಒಂದು ಒಕ್ಕಣೆಗೆ ಹಲವು ಕೆತ್ತನೆ, ಒಂದು ಕಲ್ಲಿಗೆ ಹಲವು ಕೆತ್ತನೆ, ಒಂದು ಕೆತ್ತನೆಗೆ ಒಂದೇ ಲಿಪಿ. ಮೂರನೇ ಚೌಕ ಹೀಗೆ ಹುಟ್ಟುತ್ತದೆ. ಅದನ್ನು ಹುಟ್ಟಿಸಿದ್ದು ಸಾಫ್ಟ್‌ವೇರ್ ಅಲ್ಲ, ಕಂಬ.

ಸಂಖ್ಯೆಯ ವಿಷಯ ಬೇಗ ಮುಗಿಸ್ತೀನಿ. ಎಪಿಗ್ರಾಫಿಯಾ ಕರ್ನಾಟಿಕದ ಸಂಖ್ಯೆಯನ್ನೇ ಪ್ರೈಮರಿ ಕೀ ಮಾಡಬೇಡಿ. ರೈಸ್ ಅವರ ಸಂಪುಟದಲ್ಲಿ ಒಂದು ಸಂಖ್ಯೆ, ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟದಲ್ಲಿ ಇನ್ನೊಂದು. ಸಂಖ್ಯೆಗೆ ಬೇರೆ ಚೌಕ ಕೊಟ್ಟು, ಅದರ ತುದಿಗೆ ಸೊನ್ನೆ ಮತ್ತು ಕಾಗೆಕಾಲು ಹಾಕಿ. ಸೊನ್ನೆ ಮುಖ್ಯ. ಅದು ಇಲ್ಲದಿದ್ದರೆ "ಪ್ರಕಟವಾಗದ ಶಾಸನವೇ ಇಲ್ಲ" ಅನ್ನುವ ನಿಯಮ ಬರೆದಂತಾಗುತ್ತದೆ. ಹೋದ ವಾರ ಯಾರದೋ ಹೊಲದ ಬದುವಿನಲ್ಲಿ ಸಿಕ್ಕ ಕಲ್ಲನ್ನು ಸೇರಿಸಲು ಹೋದರೆ ಕಂಪ್ಯೂಟರ್ ಒಪ್ಪುವುದಿಲ್ಲ.

ತೇದಿಯ ಗೆರೆಯೂ ಹಾಗೇ. ಹಲ್ಮಿಡಿ ಶಾಸನದಲ್ಲಿ ತೇದಿಯೇ ಇಲ್ಲ. ಐಹೊಳೆಯ ರವಿಕೀರ್ತಿ ಭಾರತ ಯುದ್ಧದಿಂದ 3735 ವರ್ಷ ಅಂತಲೂ ಹೇಳುತ್ತಾನೆ, ಶಕ 556 ಅಂತಲೂ ಹೇಳುತ್ತಾನೆ. ಸೊನ್ನೆಯಿಂದ ಹಲವು.

ಇನ್ನು ಆತಕೂರಿನ ಕಲ್ಲು. ಮದ್ದೂರು ತಾಲ್ಲೂಕಿನದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಕ್ಷೆ ಬರೆದವರೆಲ್ಲ ಒಮ್ಮೆ ಇದರ ಮುಂದೆ ನಿಂತು ಬರಬೇಕು.

ಇದರಲ್ಲಿ ಶಕ 872, ಸೌಮ್ಯ ಸಂವತ್ಸರ ಅಂತಿದೆ. ಶಕವರ್ಷದಿಂದ ಸಂವತ್ಸರವನ್ನು ಲೆಕ್ಕ ಹಾಕಬಹುದು: ಕಳೆದ ಶಕವರ್ಷಕ್ಕೆ 12 ಕೂಡಿ 60ರಿಂದ ಭಾಗಿಸಿ, ಉಳಿದ ಶೇಷ ಸಂವತ್ಸರದ ಕ್ರಮಸಂಖ್ಯೆ. ಲೆಕ್ಕ ಬರುವುದನ್ನು ಮತ್ತೆ ಯಾಕೆ ಶೇಖರಿಸಬೇಕು ಅಂತ ಡೇಟಾಬೇಸ್ ಕಲಿತವರು ಸಂವತ್ಸರದ ಕಾಲಂ ಅಳಿಸಿಬಿಡ್ತಾರೆ. ಪಾಠಪುಸ್ತಕದ ಪ್ರಕಾರ ಅದು ಸರಿಯೇ. ಮಾಡಿ ನೋಡಿ: 872 ಕೂಡಿಸು 12 ಅಂದರೆ 884, ಶೇಷ 44. ಅದು ಸಾಧಾರಣ ಸಂವತ್ಸರ. ಸೌಮ್ಯ 43ನೆಯದು. ಅಂದರೆ ಇಲ್ಲಿಯ 872 ಕಳೆದ ವರ್ಷವಲ್ಲ, ನಡೆಯುತ್ತಿದ್ದ ವರ್ಷ. ಕಳೆದದ್ದು 871, ಕ್ರಿ.ಶ. 949-50. ಕಾಲಂ ಅಳಿಸಿದ್ದರೆ 872ಕ್ಕೆ 78 ಕೂಡಿಸಿ 950-51 ಅಂತ ಬರೆದು ಮುಂದೆ ಹೋಗ್ತಿದ್ವಿ. ಎರಡು ಹೇಳಿಕೆ ಒಂದಕ್ಕೊಂದು ಕೂಡಿಬರದಿರುವುದೇ ಇಲ್ಲಿ ಸಾಕ್ಷ್ಯ. ಆದ್ದರಿಂದ ನಿಯಮ ಹೀಗಿರಲಿ: ಶಾಸನ ಹೇಳಿದ್ದೆಲ್ಲ ಒಂದು ಕಡೆ, ನಾವು ಲೆಕ್ಕ ಹಾಕಿದ್ದು ಇನ್ನೊಂದು ಕಡೆ, ಎರಡೂ ಇರಬೇಕು.

ಈ ಕಲ್ಲಿನಲ್ಲಿ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಸತ್ತ ಸುದ್ದಿಯಿದೆ. ಜೊತೆಗೆ, ಗಂಗ ಬೂತುಗನಿಂದ ಮಣಲೇರ ಕೇಳಿ ಪಡೆದ ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತ ಸುದ್ದಿಯೂ ಇದೆ. ಕಲ್ಲು ನಿಲ್ಲಿಸಿದ್ದು ಕಾಳಿಯ ನೆನಪಿಗೆ. ನಿಮ್ಮ ನಕ್ಷೆಯಲ್ಲಿ ವೀರಗಲ್ಲಿನಿಂದ 'ವ್ಯಕ್ತಿ' ಚೌಕಕ್ಕೆ ಗೆರೆ ಎಳೆದು ಅಡ್ಡಗೀಟು ಹಾಕಿದ್ದರೆ ಓದಿ: "ಪ್ರತಿ ವೀರಗಲ್ಲು ಒಬ್ಬ ವ್ಯಕ್ತಿಯ ಸ್ಮರಣೆಗೆ." ಕಾಳಿಯನ್ನು ಸೇರಿಸಬೇಕಾದರೆ ಆಪರೇಟರ್ ಏನು ಮಾಡ್ತಾನೆ? ಮಣಲೇರನ ಹೆಸರು ಹಾಕಿ ಮುಗಿಸ್ತಾನೆ. ಹತ್ತು ವರ್ಷ ಬಿಟ್ಟು ಇನ್ಯಾರೋ ಹುಡುಕಿದಾಗ ಮಣಲೇರ ಹಂದಿಬೇಟೆಯಲ್ಲಿ ಸತ್ತವನಾಗಿರುತ್ತಾನೆ! ಚೌಕದ ಹೆಸರನ್ನು 'ಸ್ಮರಣೆಗೊಂಡವರು' ಅಂತ ಬದಲಿಸಿ, ಮನುಷ್ಯ ಅಥವಾ ಪ್ರಾಣಿ ಅನ್ನುವ ಗುಣ ಸೇರಿಸಿದರೆ ಸಾಕು.

ಗೆರೆಗಳಲ್ಲಿ ಹಿಡಿಯಲಾಗದ ನಿಯಮಗಳೂ ಇವೆ. "ಮೊದಲು ಇದು, ಆಮೇಲೆ ಅದು" ಅನ್ನುವ ಕ್ರಮವನ್ನು ಕಾಗೆಕಾಲು ಹೇಳಲಾರದು. ಅಂಥವನ್ನು ನಕ್ಷೆಯ ಪಕ್ಕದಲ್ಲಿ ಮಾತಿನಲ್ಲೇ ಬರೆದಿಡಬೇಕು. ಆತಕೂರಿನವರು ಬರೆದಿಟ್ಟಿದ್ದಾರೆ: ಈ ಕಲ್ಲನ್ನು ನೋಡಿಕೊಳ್ಳುವ ಗೊರವ ಅದಕ್ಕೆ ಪೂಜೆ ಮಾಡದೆ ಉಣ್ಣಕೂಡದು.